ಕ್ಯಾಲಿಫೋರ್ನಿಯಾದಲ್ಲಿ ಸ್ಪೀಡಿಂಗ್ ಟಿಕೆಟ್: ಕೋರ್ಟಿನಲ್ಲಿ ಎದುರಿಸುವ ಮುನ್ನ ಹೊಸಬರು ಮಾಡಿಕೊಳ್ಳಬೇಕಾದ ತಯಾರಿ

ಟಿಕೆಟ್ ಕೈಗೆ ಬಂದ ಕೂಡಲೇ ಎಲ್ಲರೂ ನೋಡುವುದು ವೇಗದ ಅಂಕಿ. ಅದಕ್ಕಿಂತ ಮೊದಲು ನೋಡಬೇಕಾದ್ದು ವೆಹಿಕಲ್ ಕೋಡ್ (ರಾಜ್ಯದ ವಾಹನ ಕಾಯ್ದೆ) ಸೆಕ್ಷನ್ ನಂಬರ್. ಅಲ್ಲಿ 22350 ಎಂದಿದೆಯೋ 22349 ಎಂದಿದೆಯೋ ಎನ್ನುವುದರ ಮೇಲೆ ನಿಮ್ಮ ಇಡೀ ತಯಾರಿ ನಿಂತಿದೆ. ಒಂದರಲ್ಲಿ ವಾದಿಸಲು ಸಾಕಷ್ಟು ಜಾಗವಿದೆ, ಇನ್ನೊಂದರಲ್ಲಿ ಬಹಳ ಕಡಿಮೆ.

22350 ಅಂದರೆ ಬೇಸಿಕ್ ಸ್ಪೀಡ್ ಲಾ. ಊರೊಳಗಿನ ರಸ್ತೆಗಳಲ್ಲಿ ಸಾಮಾನ್ಯವಾಗಿ ಬರೆಯುವುದು ಇದನ್ನೇ. ಇಲ್ಲಿ ಬೋರ್ಡಿನ ಮಿತಿ ದಾಟಿದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ಆ ಹೊತ್ತಿನ ಬೆಳಕು, ಹವಾಮಾನ, ವಾಹನ ದಟ್ಟಣೆ, ರಸ್ತೆಯ ಅಗಲ ಇವನ್ನೆಲ್ಲ ನೋಡಿದರೆ ನಿಮ್ಮ ವೇಗ ಸುರಕ್ಷಿತವಾಗಿತ್ತು ಎಂದು ತೋರಿಸಿಕೊಡಲು ಕಾನೂನೇ ಅವಕಾಶ ಕೊಟ್ಟಿದೆ. 22349 ಹಾಗಲ್ಲ. ಫ್ರೀವೇಯಲ್ಲಿ ಗಂಟೆಗೆ 65 ಮೈಲಿ, ಡಿವೈಡರ್ ಇಲ್ಲದ ಎರಡು ಲೇನ್ ರಸ್ತೆಯಲ್ಲಿ 55 ಮೈಲಿ, ದಾಟಿದರೆ ದಾಟಿದಂತೆಯೇ. ರಸ್ತೆ ಎಷ್ಟೇ ಖಾಲಿಯಿದ್ದರೂ ಪ್ರಯೋಜನವಿಲ್ಲ. 70 ಮೈಲಿಯ ಬೋರ್ಡಿರುವ ಫ್ರೀವೇಗಳಿಗೆ 22356. ನೂರು ಮೈಲಿ ದಾಟಿದರೆ 22348(ಬಿ): ಚಾಲನಾ ದಾಖಲೆಯಲ್ಲಿ ಎರಡು ಪಾಯಿಂಟ್ (ತಪ್ಪಿನ ಗುರುತು), ಜೊತೆಗೆ ಮೊದಲ ಸಲಕ್ಕೇ 30 ದಿನದವರೆಗೆ ಲೈಸೆನ್ಸ್ ಅಮಾನತು ಮಾಡುವ ಅಧಿಕಾರ ನ್ಯಾಯಾಧೀಶರಿಗಿದೆ. ಅದಕ್ಕೆ ವಕೀಲರನ್ನು ಹಿಡಿಯಿರಿ. 23103 ಎಂದಿದ್ದರೆ ಅದು ರೆಕ್‌ಲೆಸ್ ಡ್ರೈವಿಂಗ್, ಮಿಸ್‌ಡಿಮೀನರ್ ದರ್ಜೆಯ ಕ್ರಿಮಿನಲ್ ಕೇಸು. ವೀಸಾದ ಮೇಲಿರುವವರು ಆಗ ಇಮಿಗ್ರೇಷನ್ ವಕೀಲರಿಗೂ ಒಂದು ಮಾತು ಕೇಳಲೇಬೇಕು. ಈ ಬರಹ ಇರುವುದು ದಂಡವಷ್ಟೇ ಇರುವ ಮಾಮೂಲಿ ಇನ್‌ಫ್ರ್ಯಾಕ್ಷನ್‌ಗೆ, ಅದೂ ಕ್ಯಾಲಿಫೋರ್ನಿಯಾಕ್ಕೆ ಮಾತ್ರ. ಬೇರೆ ರಾಜ್ಯದ ನಿಯಮ ಬೇರೆ; ಅಲ್ಲಿರುವ ನೆಂಟರ ಸಲಹೆ ಇಲ್ಲಿ ನಡೆಯುವುದಿಲ್ಲ.

ರಸ್ತೆ ಬದಿಯಲ್ಲಿ ಸಹಿ ಹಾಕಿದ್ದು ತಪ್ಪೊಪ್ಪಿಗೆಯಲ್ಲ, ಕೋರ್ಟಿಗೆ ಹಾಜರಾಗುತ್ತೇನೆ ಎಂಬ ಮಾತು ಕೊಟ್ಟಂತೆ ಅಷ್ಟೆ. ಹಾಕುವುದಿಲ್ಲ ಎಂದು ಹಟ ಹಿಡಿದರೆ ಬಂಧಿಸಬಹುದು. ಆದರೆ ‘ಸಾರಿ ಆಫೀಸರ್, 80ರಲ್ಲಿದ್ದೆ ಅನ್ಸುತ್ತೆ’ ಎಂದು ಬಾಯಿಬಿಟ್ಟಿದ್ದರೆ ಅದು ಅವರ ಟಿಪ್ಪಣಿಯಲ್ಲಿ ಕೂತಿರುತ್ತದೆ, ವಿಚಾರಣೆಯ ದಿನ ಹೊರಗೆ ಬರುತ್ತದೆ. ನಮ್ಮ ಕಡೆ ಪೊಲೀಸರ ಮುಂದೆ ತಪ್ಪಾಯ್ತು ಎಂದರೆ ಕೆಲವೊಮ್ಮೆ ಬಿಟ್ಟುಬಿಡುತ್ತಾರೆ. ಆ ಅಭ್ಯಾಸ ಇಲ್ಲಿ ದುಬಾರಿ.

ಹೊಡೆದಾಡಬೇಕೋ ಬೇಡವೋ

ಮೂಲ ದಂಡ ಚಿಕ್ಕದು: 15 ಮೈಲಿಯವರೆಗೆ ಹೆಚ್ಚಿದ್ದರೆ 35 ಡಾಲರ್, 16ರಿಂದ 25ರವರೆಗೆ 70, ಅದಕ್ಕೂ ಮೇಲೆ 100. ಅದರ ಮೇಲೆ ರಾಜ್ಯ, ಕೌಂಟಿ, ಕೋರ್ಟಿನ ಹೆಚ್ಚುವರಿಗಳು ಕೂತು ಸುಮಾರು 238, 367, 490 ಡಾಲರ್ ಆಗುತ್ತದೆ. ದಂಡಕ್ಕಿಂತ ಕಾಡುವುದು ಪಾಯಿಂಟ್. ಒಂದು ಪಾಯಿಂಟ್ ಮೂರು ವರ್ಷ ದಾಖಲೆಯಲ್ಲಿರುತ್ತದೆ, ವಿಮೆಯ ಕಂತು ಏರುತ್ತದೆ. ಹನ್ನೆರಡು ತಿಂಗಳಲ್ಲಿ 4, ಇಪ್ಪತ್ತನಾಲ್ಕರಲ್ಲಿ 6, ಮೂವತ್ತಾರರಲ್ಲಿ 8 ಪಾಯಿಂಟ್ ಆದರೆ ಡಿಎಂವಿ (ರಾಜ್ಯದ ವಾಹನ-ಲೈಸೆನ್ಸ್ ಇಲಾಖೆ) ಲೈಸೆನ್ಸಿಗೇ ಕೈ ಹಾಕುತ್ತದೆ.

ಪಾಯಿಂಟ್ ಮುಚ್ಚಿಡಲು ಟ್ರಾಫಿಕ್ ಸ್ಕೂಲ್ ಇದೆ. 18 ತಿಂಗಳಿಗೊಮ್ಮೆ ಮಾತ್ರ ಸಿಗುತ್ತದೆ. ಎಣಿಕೆ ಉಲ್ಲಂಘನೆಯ ದಿನದಿಂದ ಉಲ್ಲಂಘನೆಯ ದಿನಕ್ಕೆ. ಮಿತಿಗಿಂತ 25 ಮೈಲಿಗೂ ಮೀರಿ ಹೋಗಿದ್ದರೆ ಕ್ಲರ್ಕ್ ಕೊಡಲಾರರು, ನ್ಯಾಯಾಧೀಶರನ್ನೇ ಕೇಳಬೇಕು. ದಂಡ ಕಟ್ಟಿದ ಮೇಲೂ ಸ್ಕೂಲಿನ ಶುಲ್ಕ ಬೇರೆ.

ನಮ್ಮ ಅಭಿಪ್ರಾಯ ಇಷ್ಟು: ಫ್ರೀವೇಯಲ್ಲಿ ಲೈಡಾರ್ (ಲೇಸರ್ ಕಿರಣದಿಂದ ವೇಗ ಅಳೆಯುವ ಉಪಕರಣ) 84 ತೋರಿಸಿದೆ, ಸೆಕ್ಷನ್ 22349, ಟ್ರಾಫಿಕ್ ಸ್ಕೂಲಿಗೆ ಅರ್ಹತೆಯಿದೆ ಎಂದಾದರೆ ಸ್ಕೂಲ್ ಮುಗಿಸಿ ಸುಮ್ಮನಾಗುವುದೇ ಜಾಣತನ. 22350ರಲ್ಲಿ ರಾಡಾರ್ ಬಳಸಿದ್ದರೆ ಎದುರಿಸುವುದು ಸಾರ್ಥಕ. ದುಡ್ಡೇ ಕಷ್ಟವೆನ್ನುವ ವಿದ್ಯಾರ್ಥಿಗಳು ‘ಮೈಸೈಟೇಷನ್ಸ್’ ಆನ್‌ಲೈನ್ ವ್ಯವಸ್ಥೆಯಲ್ಲಿ ಆದಾಯ ತೋರಿಸಿ ದಂಡ ಇಳಿಸಲು ಅಥವಾ ಕಂತು ಮಾಡಲು ಕೇಳಬಹುದು. ಅದು ತಪ್ಪೊಪ್ಪಿಕೊಂಡವರಿಗೆ ಇರುವ ದಾರಿ, ಎದುರಿಸುವವರಿಗಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಂಥ ಕೆಲವು ಊರುಗಳಲ್ಲಿ ಸ್ಪೀಡ್ ಕ್ಯಾಮೆರಾದಿಂದ ಬರುವ ನೋಟಿಸು ಬೇರೆಯೇ ಜಾತಿ. ಅದು ವಾಹನದ ಮಾಲೀಕರಿಗೆ ಬರುವ ಸಿವಿಲ್ ದಂಡ, ಪಾಯಿಂಟ್ ಇಲ್ಲ. ಕೆಳಗಿನ ಕ್ರಮ ಅದಕ್ಕೆ ಅನ್ವಯಿಸುವುದಿಲ್ಲ.

ಕಾಗದದ ಮೇಲಿನ ವಿಚಾರಣೆ

ಟಿಕೆಟ್ಟಿನ ಕೆಳಗೆ ಹಾಜರಾಗಬೇಕಾದ ತಾರೀಖಿದೆ. ಕೋರ್ಟಿನಿಂದ ಅಂಚೆಯಲ್ಲಿ ಒಂದು ನೋಟಿಸು ಬರುತ್ತದೆ. ಬರದಿದ್ದರೂ ತಾರೀಖು ನಿಮ್ಮದೇ ಹೊಣೆ. ಮನೆ ಬದಲಿಸಿ ಹತ್ತು ದಿನದೊಳಗೆ ಡಿಎಂವಿಗೆ ತಿಳಿಸದವರು ಸಿಕ್ಕಿಬೀಳುವುದು ಇಲ್ಲಿಯೇ. ಕೋರ್ಟಿನ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ನಮ್ಮವರ ಕೇಸು ಎಷ್ಟೋ ಸಲ ಸಿಗುವುದಿಲ್ಲ: ಇನಿಷಿಯಲ್, ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಹಿಂದುಮುಂದಾಗಿರುತ್ತವೆ. ಟಿಕೆಟ್ ಮೇಲಿರುವ ಸೈಟೇಷನ್ ನಂಬರ್ ಹಾಕಿ. ಅಂದಹಾಗೆ, ಹೆಸರಿನ ಕಾಗುಣಿತ ತಪ್ಪಿದೆ, ಕಾರಿನ ಬಣ್ಣ ತಪ್ಪು ಬರೆದಿದ್ದಾರೆ ಎಂಬ ಕಾರಣಕ್ಕೆ ಟಿಕೆಟ್ ಬಿದ್ದುಹೋಗುತ್ತದೆ ಎಂದು ನಂಬಿ ಕೂರಬೇಡಿ. ಅಂಥ ಸಣ್ಣ ತಪ್ಪಿನಿಂದ ಕೇಸು ಬೀಳುವುದಿಲ್ಲ.

ಆ ತಾರೀಖಿನೊಳಗೆ ‘ಟ್ರಯಲ್ ಬೈ ರಿಟನ್ ಡಿಕ್ಲರೇಷನ್’ ಕೇಳಿ. ಟಿಆರ್-200 ಸೂಚನೆಗಳು, ಟಿಆರ್-205 ತುಂಬಿಸಬೇಕಾದ ಫಾರ್ಮು. ದಂಡದ ಪೂರ್ತಿ ಮೊತ್ತವನ್ನು ಬೇಲ್ ಎಂದು ಮುಂಚೆಯೇ ಇಡಬೇಕು, ಗೆದ್ದರೆ ವಾಪಸ್ಸು. ನಿಮ್ಮ ಹೇಳಿಕೆಯನ್ನೂ ಪೊಲೀಸರ ಹೇಳಿಕೆಯನ್ನೂ ಓದಿ ನ್ಯಾಯಾಧೀಶರು ತೀರ್ಪನ್ನು ಅಂಚೆಯಲ್ಲಿ ಕಳಿಸುತ್ತಾರೆ. ಸೋತರೆ, ತೀರ್ಪು ಅಂಚೆಗೆ ಹಾಕಿದ ದಿನದಿಂದ 20 ದಿನದೊಳಗೆ ಟಿಆರ್-220 ಸಲ್ಲಿಸಿ ಹೊಸದಾಗಿ, ಖುದ್ದಾಗಿ ವಿಚಾರಣೆ ಪಡೆಯಬಹುದು. ಅಂದರೆ ಎರಡು ಅವಕಾಶ. ಊರಿಗೆ ಹೋಗುವ ಟಿಕೆಟ್ ತೆಗೆದವರಿಗೂ ಇದು ಅನುಕೂಲ. ಕೊರತೆಯೆಂದರೆ ಪೊಲೀಸರನ್ನು ಪ್ರಶ್ನೆ ಕೇಳಲಾಗುವುದಿಲ್ಲ.

ಹೇಳಿಕೆ ಒಂದೂವರೆ ಪುಟ ಮೀರದಿರಲಿ. ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿ ಎಂಬ ಪ್ರಮಾಣದಡಿ ಬರೆಯುವುದರಿಂದ ಕಂಡಿದ್ದಷ್ಟೇ ಬರೆಯಿರಿ: ಗಂಟೆ, ದಿಕ್ಕು, ಲೇನ್, ಮುಂದೆ ಹಿಂದೆ ಇದ್ದ ವಾಹನ, ರಸ್ತೆ ಒಣಗಿತ್ತೇ, ಪಾದಚಾರಿಗಳಿದ್ದರೇ. ‘ಎಲ್ಲರೂ ಅದೇ ವೇಗದಲ್ಲಿದ್ದರು’, ‘ಬೋರ್ಡ್ ಕಾಣಲಿಲ್ಲ’, ‘ಈ ದೇಶಕ್ಕೆ ಬಂದು ಮೂರೇ ತಿಂಗಳು’ ಎಂದು ಬರೆಯುವವರಿದ್ದಾರೆ. ಈ ಮೂರರಲ್ಲಿ ಯಾವುದೂ ಪ್ರತಿವಾದವಲ್ಲ. ಮೊದಲನೆಯದಂತೂ ವೇಗವಾಗಿ ಹೋಗುತ್ತಿದ್ದೆ ಎಂದು ನೀವೇ ಬರೆದುಕೊಟ್ಟಂತೆ.

ಸರ್ವೆ: 22350ರ ಜೀವಾಳ

ರಾಡಾರ್ ಅಥವಾ ಲೈಡಾರ್ ಬಳಸಿ 22350 ಟಿಕೆಟ್ ಕೊಟ್ಟಿದ್ದರೆ, ಆ ರಸ್ತೆಯ ಮಿತಿಯನ್ನು ಎಂಜಿನಿಯರಿಂಗ್ ಅಂಡ್ ಟ್ರಾಫಿಕ್ ಸರ್ವೆ (ಅಲ್ಲಿನ ವಾಹನಗಳ ವೇಗ, ಅಪಘಾತ ನೋಡಿ ಮಾಡುವ ಅಧ್ಯಯನ) ಸಮರ್ಥಿಸುತ್ತದೆ ಎಂದು ತೋರಿಸುವ ಹೊಣೆ ಪೊಲೀಸರದು. ಇಲ್ಲದಿದ್ದರೆ ಸೆಕ್ಷನ್ 40802ರ ಪ್ರಕಾರ ಅದು ‘ಸ್ಪೀಡ್ ಟ್ರ್ಯಾಪ್’, ವೇಗದ ಸಾಕ್ಷ್ಯ ಒಳಗೆ ಬರುವಂತಿಲ್ಲ. ಸರ್ವೆ ಐದು ವರ್ಷದೊಳಗಿನದಾಗಿರಬೇಕು. ಅಧಿಕಾರಿ 24 ಗಂಟೆಯ ರಾಡಾರ್ ತರಬೇತಿ ಪಡೆದಿದ್ದು, ಲೈಡಾರಿಗೆ ಇನ್ನೆರಡು ಗಂಟೆ ಸೇರಿಸಿ, ಉಪಕರಣ ಮೂರು ವರ್ಷದೊಳಗೆ ಸ್ವತಂತ್ರ ಸಂಸ್ಥೆಯಲ್ಲಿ ಕ್ಯಾಲಿಬ್ರೇಟ್ ಆಗಿದ್ದರೆ ಏಳು ವರ್ಷದವರೆಗೆ ನಡೆಯುತ್ತದೆ. ರಸ್ತೆಯಲ್ಲಿ ಹೇಳುವಂಥ ಬದಲಾವಣೆಯಿಲ್ಲ ಎಂದು ಎಂಜಿನಿಯರ್ ಪರಿಶೀಲಿಸಿ ದೃಢಪಡಿಸಿದ್ದರೆ 14 ವರ್ಷ. ಶಾಲಾ ವಲಯಕ್ಕೂ, ಕಾನೂನು ‘ಲೋಕಲ್ ಸ್ಟ್ರೀಟ್’ ಎಂದು ಕರೆಯುವ ಸಣ್ಣ ಬೀದಿಗಳಿಗೂ ಈ ರಕ್ಷಣೆ ಇಲ್ಲ.

ನಗರದ ಟ್ರಾಫಿಕ್ ಎಂಜಿನಿಯರಿಂಗ್ ವಿಭಾಗಕ್ಕೆ ಸಾರ್ವಜನಿಕ ದಾಖಲೆಯ ಕೋರಿಕೆ ಕಳಿಸಿ, ದೃಢೀಕೃತ ಪ್ರತಿ ತರಿಸಿಕೊಳ್ಳಿ. ಹಾಳೆಯಲ್ಲಿ ನೋಡಬೇಕಾದ್ದು: ಯಾವ ಅಡ್ಡರಸ್ತೆಯಿಂದ ಯಾವ ಅಡ್ಡರಸ್ತೆಯವರೆಗೆ, ತಾರೀಖು, ಅಪಘಾತದ ದಾಖಲೆ, ಎಂಜಿನಿಯರ್ ಸಹಿ, ಮತ್ತು 85ನೇ ಪರ್ಸೆಂಟೈಲ್ ವೇಗ. ನೂರು ವಾಹನಗಳಲ್ಲಿ 85 ಆ ವೇಗದಲ್ಲಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಹೋಗುತ್ತವೆ ಎಂದರ್ಥ. ಮಿತಿಯನ್ನು ಸಾಮಾನ್ಯವಾಗಿ ಅದರ ಹತ್ತಿರದ ಐದರ ಗುಣಕಕ್ಕೆ ಇಡುತ್ತಾರೆ. ಕಾರಣ ಬರೆದು ಇನ್ನೈದು ಇಳಿಸಬಹುದು. ಈಚಿನ ಕಾನೂನಿನಲ್ಲಿ ಕೆಲವು ರಸ್ತೆಗಳಲ್ಲಿ ಇನ್ನೂ ಇಳಿಸಲು ಅನುಮತಿಯಿದೆ. ಹಾಳೆಯಲ್ಲಿ 43 ಎಂದಿದೆ, ಬೋರ್ಡಿನಲ್ಲಿ 35 ಇದೆ ಎನ್ನಿ. ಹತ್ತಿರದ ಗುಣಕ 45. ಉಳಿದ ಹತ್ತು ಮೈಲಿ ಇಳಿಸಲು ಹಾಳೆಯಲ್ಲಿ ಏನು ಕಾರಣ ಕೊಟ್ಟಿದ್ದಾರೆ? ಕಾರಣವೇ ಇಲ್ಲದಿದ್ದರೆ ನಿಮ್ಮ ವಾದ ಅಲ್ಲಿಂದ ಶುರು. ನಿಮ್ಮ ವೇಗ 44 ಆಗಿದ್ದರೆ ಅದು ಆ ರಸ್ತೆಯ ಸಹಜ ವೇಗಕ್ಕೆ ಒಂದೇ ಮೈಲಿ ಆಚೆ ಎಂಬುದೂ ಅದೇ ಹಾಳೆಯಿಂದ ಸಿಗುತ್ತದೆ.

ಇದರ ಜೊತೆಗೆ ಪೊಲೀಸ್ ಇಲಾಖೆಗೆ ಡಿಸ್ಕವರಿ ಕೋರಿಕೆ (ಅವರ ಬಳಿಯಿರುವ ಸಾಕ್ಷ್ಯ ಕೊಡಿ ಎಂದು ಕೇಳುವುದು): ಟಿಕೆಟ್ ಪ್ರತಿಯ ಹಿಂಬದಿಯ ಟಿಪ್ಪಣಿ, ಉಪಕರಣದ ಕ್ಯಾಲಿಬ್ರೇಷನ್ ಪತ್ರ, ತರಬೇತಿ ಪ್ರಮಾಣಪತ್ರ, ಇದ್ದರೆ ವಿಡಿಯೊ. ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. 15 ದಿನ ಕಳೆದರೂ ಉತ್ತರವಿಲ್ಲದಿದ್ದರೆ ಕೊಡಿಸಿ ಎಂದು ಕೋರ್ಟನ್ನು ಕೇಳಬಹುದು.

ಸ್ಥಳದ ಫೋಟೊಗಳನ್ನು ಟಿಕೆಟ್ ಕೊಟ್ಟ ಅದೇ ಗಂಟೆಯಲ್ಲಿ, ಚಾಲಕನ ಕಣ್ಣಿನ ಎತ್ತರದಿಂದ ತೆಗೆಯಿರಿ. ಡ್ಯಾಶ್‌ಕ್ಯಾಮ್ ಇದ್ದರೆ ಅಂದೇ ಕಾಪಿ ಮಾಡಿಕೊಳ್ಳಿ, ಕಾರ್ಡ್ ತುಂಬಿದರೆ ಅದೇ ಹಳೆಯದನ್ನು ಅಳಿಸಿಬಿಡುತ್ತದೆ. ಡ್ಯಾಶ್‌ಕ್ಯಾಮ್ ಜಿಪಿಎಸ್ ನಿಮ್ಮ ವೇಗವನ್ನೂ ತೋರಿಸುತ್ತದೆ, ಕೊಡುವ ಮುನ್ನ ನೋಡಿ.

ವಿಚಾರಣೆಯ ದಿನ

ಜೂರಿ ಇಲ್ಲ, ನಿಮಗೆ ಸರ್ಕಾರದ ಖರ್ಚಿನಲ್ಲಿ ವಕೀಲರೂ ಇಲ್ಲ. ಆದರೆ ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊಣೆ ಇಲ್ಲಿಯೂ ಆರೋಪ ಹೊರಿಸಿದವರದೇ. ಇಂಗ್ಲಿಷಿನಲ್ಲಿ ತಡವರಿಸುವ ಹಿರಿಯರಿಗೆ ದುಭಾಷಿ ಬೇಕಿದ್ದರೆ ವಾರಗಳ ಮುಂಚೆಯೇ ಕ್ಲರ್ಕಿಗೆ ಹೇಳಿ, ಶುಲ್ಕವಿಲ್ಲ. ‘ಇಂಡಿಯನ್’ ಎಂದು ಬರೆಸಿದರೆ ಹಿಂದಿಯವರು ಬಂದು ನಿಲ್ಲಬಹುದು. ‘ಕನ್ನಡ’ ಎಂದೇ ಬರೆಸಿ.

ಅಧಿಕಾರಿ ಬರದಿದ್ದರೆ ಸಾಮಾನ್ಯವಾಗಿ ಕೇಸು ವಜಾ. ಬಂದರೆ ಮೊದಲು ಅವರ ಮಾತು. ಸರ್ವೆ ಹಾಜರುಪಡಿಸದೆ ರಾಡಾರ್ ಅಂಕಿ ಹೇಳಹೊರಟರೆ ಆಗಲೇ ಆಕ್ಷೇಪಣೆ ಎತ್ತಬೇಕು. ಎಲ್ಲ ಮುಗಿದ ಮೇಲೆ ಎತ್ತಿದರೆ ತಡವಾಯಿತು. ನಂತರ ಪ್ರಶ್ನೆಗಳು: ಎಷ್ಟು ದೂರದಲ್ಲಿ ಗುರಿ ಹಿಡಿದಿರಿ, ನಡುವೆ ಬೇರೆ ವಾಹನವಿತ್ತೇ, ಆ ಪಾಳಿಯಲ್ಲಿ ಉಪಕರಣವನ್ನು ಯಾವಾಗ ಪರೀಕ್ಷಿಸಿದಿರಿ. ರಾಡಾರ್ ಕಿರಣ ದೂರ ಹೋದಂತೆ ಹಲವು ಲೇನ್‌ಗಳಷ್ಟು ಹರಡುತ್ತದೆ, ಆದ್ದರಿಂದ ಪಕ್ಕದ ವಾಹನದ ಪ್ರಶ್ನೆಗೆ ತೂಕವಿದೆ. ಲೈಡಾರ್ ಕಿರಣ ಸಾವಿರ ಅಡಿ ದೂರದಲ್ಲೂ ಸುಮಾರು ಮೂರು ಅಡಿ ಅಗಲ ಮಾತ್ರ, ಅಲ್ಲಿ ಆ ವಾದ ನಿಲ್ಲುವುದಿಲ್ಲ. ಅಂತರ್ಜಾಲದಲ್ಲಿ ಓದಿ ‘ಕೋಸೈನ್ ದೋಷ’ ಎತ್ತುವ ಎಂಜಿನಿಯರುಗಳು ಗಮನಿಸಿ: ನಿಂತ ಕಾರಿನಿಂದ ಓರೆಯಾಗಿ ಹಿಡಿದ ರಾಡಾರ್ ನಿಜವಾದ ವೇಗಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ. ಆ ವಾದ ನಿಮ್ಮ ಕಾಲಿಗೇ ಕೊಡಲಿ.

ನೀವು ಸಾಕ್ಷಿ ಹೇಳಲೇಬೇಕೆಂದಿಲ್ಲ. ಹೇಳಿದರೆ ‘ಎಷ್ಟು ವೇಗದಲ್ಲಿದ್ದಿರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂದುಕೊಂಡು ಹೇಳಿ. ಸೋತರೆ ಅಲ್ಲಿಯೇ ಟ್ರಾಫಿಕ್ ಸ್ಕೂಲ್ ಕೇಳಿ. ಕೇಸು ನಡೆಸಿದಿರಿ ಎಂಬ ಒಂದೇ ಕಾರಣಕ್ಕೆ ನಿರಾಕರಿಸಬಾರದು. ಮೇಲ್ಮನವಿಗೆ 30 ದಿನ, ಆದರೆ ಅಲ್ಲಿ ನೋಡುವುದು ಕಾನೂನಿನ ತಪ್ಪನ್ನು, ಹೊಸ ಸಾಕ್ಷ್ಯವನ್ನಲ್ಲ.

ಗೆಲ್ಲಲಿ ಸೋಲಲಿ, ಕೇಸು ಮುಗಿದ ಕಾಗದದ ಪ್ರತಿ ಪಡೆದು ಇಟ್ಟುಕೊಳ್ಳಿ. ಮುಂದೆ ಪೌರತ್ವದ ಅರ್ಜಿಯಲ್ಲಿ ಹಳೆಯ ಸೈಟೇಷನ್ ವಿಚಾರ ಬಂದಾಗ ಹುಡುಕಾಡುವುದು ತಪ್ಪುತ್ತದೆ. ಬೇಲ್ ವಾಪಸ್ಸು ಚೆಕ್ಕಾಗಿ ಕೋರ್ಟಿನ ಕಡತದಲ್ಲಿರುವ ವಿಳಾಸಕ್ಕೆ ಬರುತ್ತದೆ. ಅಷ್ಟರಲ್ಲಿ ಅಪಾರ್ಟ್‌ಮೆಂಟ್ ಬದಲಿಸಿದ್ದರೆ ಡಿಎಂವಿಗೆ ಹೇಳಿದ್ದು ಸಾಲದು, ಕೋರ್ಟಿಗೆ ಬೇರೆಯಾಗಿ ತಿಳಿಸಬೇಕು.