ಪೆಲೆಟ್ ಫರ್ನೆಸ್ ಮತ್ತು ಕಣ್ಣಿಗೆ ಕಾಣದ ಬೂದಿ

ನಮ್ಮಪ್ಪ ಮೊದಲ ಸಲ ಇಲ್ಲಿಗೆ ಬಂದಾಗ ಗ್ಯಾರೇಜಿನಲ್ಲಿ ಪೇರಿಸಿಟ್ಟಿದ್ದ ಚೀಲಗಳನ್ನು ನೋಡಿ, "ಹಸು ಎಲ್ಲಿ ಕಟ್ಟಿದೀಯೋ ಮಾರಾಯ?" ಎಂದು ಕೇಳಿದ್ದರು. ಅವರ ತಪ್ಪೇನಿಲ್ಲ. ಒಂದು ಚೀಲ ಬಿಚ್ಚಿ ಕೈಗೆ ಸುರಿದುಕೊಂಡರೆ ಊರಲ್ಲಿ ಡೈರಿಯಿಂದ ತರುವ ಹಸುವಿನ ಫೀಡಿನ ಹಾಗೇ ಕಾಣುತ್ತದೆ. ಆದರೆ ಇದು ಪೆಲೆಟ್, ಮನೆ ಬೆಚ್ಚಗಿಡಲು ಫರ್ನೆಸ್ಸಿನಲ್ಲಿ ಸುಡುವ ಸೌದೆ. ಸುಮಾರು 6 ಮಿಲಿಮೀಟರ್ ದಪ್ಪದ ಗಿಡ್ಡ ಕಡ್ಡಿಗಳು. ಮರದ ಹೊಟ್ಟನ್ನು ಒಣಗಿಸಿ, ಅಚ್ಚಿನ ತೂತುಗಳಿಂದ ಹಿಂಡಿ ತೆಗೆದದ್ದು, ಚಕ್ಕುಲಿ ಒತ್ತಿದ ಹಾಗೆ. ಅಂಟು ಬೇಕಾಗುವುದಿಲ್ಲ. ಮರದಲ್ಲೇ ಇರುವ ಲಿಗ್ನಿನ್ ಎಂಬ ಅಂಶ ಬಿಸಿಗೆ ಮೆತ್ತಗಾಗಿ, ಆರಿದ ಮೇಲೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಅಕ್ಟೋಬರ್ ಕೊನೆಗೆ ಹಚ್ಚಿದ ಬೆಂಕಿ ಏಪ್ರಿಲ್‌ವರೆಗೂ ಬೇಕು. ನಮ್ಮ ಮನೆಗೆ ಒಂದು ಚಳಿಗಾಲಕ್ಕೆ ನಾಲ್ಕು ಟನ್ ಪೆಲೆಟ್ ಹಿಡಿಯುತ್ತದೆ. ಇಲ್ಲಿ ಒಂದು ಚೀಲ 40 ಪೌಂಡ್, ಅಂದರೆ 18 ಕಿಲೋ. ಇಲ್ಲಿನ ಟನ್ ಅಂದರೆ 2000 ಪೌಂಡ್, ಹಾಗಾಗಿ ಟನ್ನಿಗೆ 50 ಚೀಲ. ಇನ್ನೂರು ಚೀಲಗಳನ್ನು ಬೇಸ್‌ಮೆಂಟಿಗೆ ಇಳಿಸುವವನು ನಾನೇ. ಅದರ ಕತೆ ನನ್ನ ಬೆನ್ನನ್ನು ಕೇಳಬೇಕು.

ಪೆಲೆಟ್ ಸ್ಟವ್ ಅಂದರೆ ನಡುಮನೆಯಲ್ಲಿ ಇಟ್ಟು, ಗಾಜಿನೊಳಗಿನ ಬೆಂಕಿ ನೋಡುತ್ತಾ ಕೂರುವಂಥದ್ದು. ನಮ್ಮದು ಅದಲ್ಲ, ಫರ್ನೆಸ್. ಬೇಸ್‌ಮೆಂಟಿನಲ್ಲಿ ಕೂತು ಡಕ್ಟ್‌ಗಳ ಮೂಲಕ ಇಡೀ ಮನೆಗೆ ಬಿಸಿಗಾಳಿ ಕಳಿಸುತ್ತದೆ. ಕೆಲಸ ಮಾಡುವ ರೀತಿ ಎರಡರದ್ದೂ ಒಂದೇ. ಮೇಲೆ ಹಾಪರ್, ಅದರಲ್ಲಿ ಪೆಲೆಟ್. ಕೆಳಗೆ ಆಗರ್ ಅನ್ನುವ ಉದ್ದನೆಯ ಸ್ಕ್ರೂ ನಿಧಾನಕ್ಕೆ ತಿರುಗುತ್ತಾ ಒಂದಿಷ್ಟೇ ಪೆಲೆಟ್ ತಳ್ಳುತ್ತದೆ. ಅದು ಬೀಳುವುದು ಬರ್ನ್ ಪಾಟ್‌ಗೆ. ತಳದಲ್ಲಿ ತೂತುಗಳಿರುವ ಕಬ್ಬಿಣದ ಬಟ್ಟಲು ಅದು. ಫ್ಯಾನ್ ಎರಡಿವೆ. ಒಂದು ಹೊಗೆಯನ್ನು ಹೊರಗೆ ಎಳೆಯುತ್ತದೆ, ಇನ್ನೊಂದು ಮನೆಯ ಗಾಳಿಯನ್ನು ಬಿಸಿ ಕೊಳವೆಗಳ ಸುತ್ತ ಹಾಯಿಸಿ ಡಕ್ಟಿಗೆ ನೂಕುತ್ತದೆ. ಎರಡು ಗಾಳಿಗಳೂ ಎಲ್ಲೂ ಬೆರೆಯಬಾರದು.

ಮೊದಲ ವರ್ಷ ನಾನು ಬಹಳ ಶ್ರದ್ಧೆಯಿಂದ ಕ್ಲೀನ್ ಮಾಡುತ್ತಿದ್ದೆ. ದಿನಾ ಬರ್ನ್ ಪಾಟ್ ಕೆರೆಯುತ್ತಿದ್ದೆ. ವಾರಕ್ಕೊಮ್ಮೆ ಬೂದಿ ತಟ್ಟೆ ಖಾಲಿ ಮಾಡುತ್ತಿದ್ದೆ. ಬಾಗಿಲಿನ ಸಣ್ಣ ಗಾಜು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮಲೆನಾಡಿನಲ್ಲಿ ಬಚ್ಚಲೊಲೆಗೆ ಬೆಂಕಿ ಹಾಕಿ ಬೆಳೆದವನು ನಾನು, ನನಗೆ ಬೂದಿ ಗೊತ್ತಿಲ್ಲವೇ ಅಂತ ಸ್ವಲ್ಪ ಜಂಬವೂ ಇತ್ತು.

ಜನವರಿ ಮಧ್ಯದಲ್ಲಿ ಒಂದು ರಾತ್ರಿ ಫರ್ನೆಸ್ ನಿಂತಿತು. ಹೊರಗೆ ಮೈನಸ್ 20 ಡಿಗ್ರಿ. ಆಫ್ ಮಾಡಿ ಮತ್ತೆ ಹಚ್ಚಿದೆ. ಬೆಂಕಿ ಹತ್ತಿತು, ಐದಾರು ನಿಮಿಷ ಉರಿಯಿತು, ಮತ್ತೆ ಪೆಲೆಟ್ ಬೀಳುವುದೇ ನಿಂತುಹೋಯಿತು. ಉರಿ ಸಣ್ಣದಾಗಿ ಆರಿತು. ಹಾಪರ್ ತುಂಬಾ ಪೆಲೆಟ್ ಇದೆ, ಆಗರ್ ತಿರುಗುತ್ತಿಲ್ಲ. ಸರಿ, ಮೋಟಾರು ಹೋಗಿದೆ ಅಂತ ತೀರ್ಮಾನ ಮಾಡಿದೆ. ರಿಪೇರಿಯವರು ಬರುವುದಕ್ಕೆ ಹತ್ತು ದಿನ ಅಂದರು. ಕೊಳಾಯಿ ಪೈಪ್ ಹೆಪ್ಪುಗಟ್ಟಿ ಒಡೆಯದಿರಲಿ ಅಂತ ಎಲ್ಲ ಕಡೆ ಸಣ್ಣ ಎಲೆಕ್ಟ್ರಿಕ್ ಹೀಟರ್ ಇಟ್ಟು, ಆಗರ್ ಮೋಟಾರನ್ನು ಅರ್ಜೆಂಟಾಗಿ ತರಿಸಿ ನಾನೇ ಹಾಕಿದೆ. ಹಚ್ಚಿದರೆ ಅದೇ ಕತೆ. ಐದಾರು ನಿಮಿಷ, ಆಮೇಲೆ ಬಂದ್.

ಆ ಹಳೆಯ ಮೋಟಾರು ಈಗಲೂ ಶೆಲ್ಫಿನ ಮೇಲಿದೆ. ಅದಕ್ಕೆ ಏನೂ ಆಗಿರಲಿಲ್ಲ.

ಮೂರನೆಯ ದಿನ ಮ್ಯಾನುಯಲ್ ಹಿಡಿದು ಕೂತೆ. ಮೊದಲೇ ಕೂರಬೇಕಿತ್ತು, ಬಿಡಿ. ಫರ್ನೆಸ್ಸಿನ ಹಿಂಬದಿಯಲ್ಲಿ ವ್ಯಾಕ್ಯೂಮ್ ಸ್ವಿಚ್ ಅಂತ ಒಂದಿದೆ. ಹೊಗೆ ಎಳೆಯುವ ಫ್ಯಾನಿಗೆ ಸಾಕಷ್ಟು ಎಳೆತ ಇದೆಯೋ ಇಲ್ಲವೋ ನೋಡುವುದು ಅದರ ಕೆಲಸ. ಎಳೆತ ಕಮ್ಮಿಯಾದರೆ ಅದು ಆಗರ್‌ಗೆ ಹೋಗುವ ಕರೆಂಟನ್ನೇ ಕತ್ತರಿಸುತ್ತದೆ. ಹೊಗೆ ಹೊರಗೆ ಹೋಗದಿದ್ದರೆ ಇನ್ನಷ್ಟು ಸೌದೆ ಹಾಕುವುದು ಬೇಡ ಅನ್ನುವ ಲೆಕ್ಕ. ಅಂದರೆ ನನ್ನ ಫರ್ನೆಸ್ ಕೆಟ್ಟಿರಲಿಲ್ಲ. ಸರಿಯಾಗಿಯೇ ಕೆಲಸ ಮಾಡಿ, ತನಗೆ ಉಸಿರು ಕಟ್ಟುತ್ತಿದೆ ಅಂತ ಹೇಳುತ್ತಿತ್ತು. ಆ ಸ್ವಿಚ್ಚನ್ನು ತಂತಿಯಿಂದ ಶಾರ್ಟ್ ಮಾಡಿ ಓಡಿಸುವ ಜನರೂ ಇದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಮನೆಯೊಳಗೆ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದರ ಅಲಾರಂ ಬೇಸ್‌ಮೆಂಟಿನಲ್ಲೊಂದು, ಮಲಗುವ ಕೋಣೆಗಳ ಹತ್ತಿರ ಒಂದು ಇರಲೇಬೇಕು.

ಸ್ವಿಚ್ಚಿಗೆ ಹೋಗುವ ಸಣ್ಣ ರಬ್ಬರ್ ಕೊಳವೆ ಕಳಚಿ ನೋಡಿದೆ. ಅದು ಕೂರುವ ಮೂತಿ ಬೂದಿಯಿಂದ ಮುಚ್ಚಿಹೋಗಿತ್ತು. ಪೇಪರ್ ಕ್ಲಿಪ್ ಬಿಡಿಸಿ ಚುಚ್ಚಿದೆ. (ಕೊಳವೆಗೆ ಊದಬೇಕು ಅನಿಸಿದರೆ ಸ್ವಿಚ್ಚಿನಿಂದ ಕಳಚಿಯೇ ಊದಬೇಕು. ಒಳಗಿನ ತೆಳು ಪೊರೆ ಹರಿದರೆ ಸ್ವಿಚ್ಚೇ ಹೋಯಿತು.) ಫರ್ನೆಸ್ ಎರಡು ಗಂಟೆ ಓಡಿ ಮತ್ತೆ ನಿಂತಿತು. ಆಗ ಹೊಗೆ ಪೈಪಿನ ತಿರುವಿನಲ್ಲಿದ್ದ ಟೀ (T) ಆಕಾರದ ಜೋಡಣೆಯ ಕೆಳಗಿನ ಮುಚ್ಚಳ ತಿರುಗಿಸಿದೆ. ಅದೊಂದು ಇದೆ ಅಂತಲೇ ಅಲ್ಲಿಯವರೆಗೆ ನಾನು ಗಮನಿಸಿರಲಿಲ್ಲ. ಒಂದು ಸೇರಿನಷ್ಟು ಬೂದಿ ದಬದಬ ಅಂತ ಕಾಲ ಮೇಲೆ ಬಿತ್ತು. ರಾಗಿ ಹಿಟ್ಟಿನಷ್ಟು ನುಣುಪು. ಬೆಂಕಿ ಗೂಡಿನ ಹಿಂದಿನ ತಗಡು ಬಿಚ್ಚಿದರೆ ಅಲ್ಲಿಯೂ ಅಷ್ಟೇ, ಹೊಗೆ ಹೋಗುವ ದಾರಿ ಮುಕ್ಕಾಲು ಮುಚ್ಚಿತ್ತು. ಮೂರು ತಿಂಗಳು ನಾನು ಕಣ್ಣಿಗೆ ಕಂಡ ಬೂದಿಯನ್ನಷ್ಟೇ ತೆಗೆದಿದ್ದೆ.

ಒಳ್ಳೆಯ ಪೆಲೆಟ್‌ನಲ್ಲಿ ಬೂದಿ ನೂರಕ್ಕೆ ಒಂದು ಭಾಗಕ್ಕಿಂತ ಕಮ್ಮಿ. ಅರ್ಧ ಭಾಗ ಅಂದುಕೊಂಡರೂ ನಾಲ್ಕು ಟನ್ನಿಗೆ 18 ಕಿಲೋ ಬೂದಿ, ಪೆಲೆಟ್ ಚೀಲದಷ್ಟೇ ತೂಕ. ಕಟ್ಟಿಗೆ ಒಲೆಯ ಬೂದಿ ಬಿದ್ದಲ್ಲೇ ಬಿದ್ದಿರುತ್ತದೆ. ಇಲ್ಲಿ ಫ್ಯಾನ್ ಎಳೆಯುವುದರಿಂದ ಅದು ಹಾರುತ್ತದೆ. ಗಾಳಿಯ ವೇಗ ಎಲ್ಲಿ ಕಮ್ಮಿಯಾಗುತ್ತದೋ ಅಲ್ಲಿ ಕೂರುತ್ತದೆ. ಮೂಲೆ, ತಿರುವು, ಅಡ್ಡ ಪೈಪು, ಫ್ಯಾನಿನ ರೆಕ್ಕೆ. ಬಚ್ಚಲೊಲೆಯ ಅನುಭವ ನನಗೆ ಇಲ್ಲಿ ಉಪಯೋಗಕ್ಕೆ ಬರಲಿಲ್ಲ ಅನ್ನುವುದಕ್ಕಿಂತ ದಾರಿ ತಪ್ಪಿಸಿತು ಅನ್ನಬೇಕು.

ಈಗ ನಾನು ಮಾಡುವುದು ಹೀಗೆ. ಬರ್ನ್ ಪಾಟ್ ಕೆರೆಯುವುದು ದಿನ ಬಿಟ್ಟು ದಿನ, ಎರಡು ನಿಮಿಷದ ಕೆಲಸ. ತೂತುಗಳು ತೆರೆದಿದ್ದರೆ ಸಾಕು, ಬೆಳ್ಳಗೆ ಹೊಳೆಯಬೇಕಿಲ್ಲ. ವಾರಕ್ಕೊಮ್ಮೆ ಪೂರ್ತಿ ಆರಿಸಿ, ಪ್ಲಗ್ ಕಿತ್ತು, ಬಿಸಿ ಕೊಳವೆಗಳನ್ನು ಬ್ರಷ್‌ನಿಂದ ಉಜ್ಜುತ್ತೇನೆ. ಇದನ್ನು ಬಿಟ್ಟರೆ ಬೆಂಕಿ ಚೆನ್ನಾಗಿಯೇ ಉರಿಯುತ್ತದೆ, ಮನೆ ಮಾತ್ರ ಬಿಸಿಯಾಗುವುದಿಲ್ಲ. ಬೂದಿ ಶಾಖವನ್ನು ಬಿಟ್ಟುಕೊಡುವುದಿಲ್ಲ, ಬಿಸಿಯೆಲ್ಲ ಹೊಗೆ ಜೊತೆ ಹೊರಗೆ ಹೋಗುತ್ತದೆ. ಗಾಜಿಗೆ ಒದ್ದೆ ಪೇಪರನ್ನು ಅದೇ ಬೂದಿಯಲ್ಲಿ ಅದ್ದಿ ಉಜ್ಜಿದರೆ ಸಾಕು. ಅಮ್ಮ ಪಾತ್ರೆ ತಿಕ್ಕುತ್ತಿದ್ದ ವಿದ್ಯೆಯೇ. ಗಾಜು ಆರಿರಬೇಕು ಅಷ್ಟೆ. ಐವತ್ತು ಚೀಲ ಮುಗಿದಾಗೆಲ್ಲ, ಅಂದರೆ ಟನ್ನಿಗೊಮ್ಮೆ, ಹಿಂದಿನ ತಗಡು, ಟೀ ಮುಚ್ಚಳ, ಸ್ವಿಚ್ಚಿನ ಕೊಳವೆ.

ಯಾವಾಗ ಮಾಡಬೇಕು ಅಂತ ಉರಿಯೇ ಹೇಳುತ್ತದೆ. ಗಾಳಿ ಸರಿಯಾಗಿದ್ದರೆ ಉರಿ ಹಳದಿ ಬಿಳುಪಾಗಿ, ಚುರುಕಾಗಿ ಕುಣಿಯುತ್ತದೆ. ಗಾಳಿ ಕಮ್ಮಿಯಾದರೆ ಕಿತ್ತಳೆ ಬಣ್ಣಕ್ಕೆ ತಿರುಗಿ, ಉದ್ದವಾಗಿ ಸೋಮಾರಿ ಥರ ಓಲಾಡುತ್ತದೆ. ಗಾಜಿನ ಮೇಲೆ ತಿಳಿ ಬೂದು ಬಣ್ಣ ಕೂತರೆ ಚಿಂತೆಯಿಲ್ಲ. ಕಪ್ಪು ಮಸಿ ಕೂತರೆ ಅವತ್ತೇ ಬಿಚ್ಚುತ್ತೇನೆ.

ಬಾಗಿಲಿನ ಸುತ್ತ ಸಂದಿ ಮುಚ್ಚಲು ಇರುವ ಹಗ್ಗದಂಥ ಗ್ಯಾಸ್ಕೆಟ್ ಪರೀಕ್ಷೆಗೆ ಒಂದು ನೋಟು ಸಾಕು. ನೋಟನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ ಅಂತ. ಬರ್ನ್ ಪಾಟ್ ಮೂಲಕ ಬರಬೇಕಾದ ಗಾಳಿ ಕಳ್ಳದಾರಿಯಲ್ಲಿ ಬಂದರೆ ಉರಿ ಸೊರಗುತ್ತದೆ.

ಎರಡನೆಯ ಚಳಿಗಾಲದಲ್ಲಿ ಇನ್ನೊಂದು ಮೂರ್ಖತನ ಮಾಡಿದೆ. ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್‌ನಿಂದ ಬೂದಿ ಎಳೆದೆ. ಈ ಕಡೆಯಿಂದ ಎಳೆದದ್ದು ಫಿಲ್ಟರ್ ದಾಟಿ ಆ ಕಡೆಯಿಂದ ಹೊರಗೆ ಬಂತು. ಬೇಸ್‌ಮೆಂಟಿನಲ್ಲಿ ಒಣಗಲು ಹಾಕಿದ್ದ ಬಟ್ಟೆಗಳಿಗೆಲ್ಲ ವಿಭೂತಿ. ಹೆಂಡತಿ ಏನೂ ಹೇಳಲಿಲ್ಲ, ಅದೇ ಜಾಸ್ತಿ ಭಯ. ಬೈಗುಳ ಪರವಾಗಿಲ್ಲ, ಆದರೆ ಬೂದಿಯಲ್ಲಿ ಒಂದು ಕೆಂಡ ಉಳಿದಿದ್ದರೆ ವ್ಯಾಕ್ಯೂಮ್ ಒಳಗೇ ಬೆಂಕಿ ಹತ್ತುತ್ತಿತ್ತು. ಬೂದಿಯೊಳಗೆ ಹೂತ ಕೆಂಡ ದಿನಗಟ್ಟಲೆ ಬದುಕಿರುತ್ತದೆ. ಹಳ್ಳಿಯಲ್ಲಿ ರಾತ್ರಿ ಕೆಂಡ ಮುಚ್ಚಿಟ್ಟು ಬೆಳಿಗ್ಗೆ ಅದರಿಂದಲೇ ಒಲೆ ಹಚ್ಚುತ್ತಿರಲಿಲ್ಲವೇ? ಈಗ ಲೋಹದ ಡಬ್ಬಿಯ, ಬೂದಿಗೆಂದೇ ಮಾಡಿದ ವ್ಯಾಕ್ಯೂಮ್ ಇದೆ. ಅದಕ್ಕೂ ಆರಿದ ಬೂದಿಯನ್ನೇ ಕೊಡುತ್ತೇನೆ. ತೆಗೆದ ಬೂದಿ ಮುಚ್ಚಳವಿರುವ ತಗಡಿನ ಬಕೆಟ್ಟಿಗೆ, ಬಕೆಟ್ ಹೊರಗಿನ ಕಲ್ಲಿನ ಮೇಲೆ. ಮರದ ಡೆಕ್ಕಿನ ಮೇಲಂತೂ ಅಲ್ಲವೇ ಅಲ್ಲ.

ಏಪ್ರಿಲ್ ಕೊನೆಯಲ್ಲಿ ದೊಡ್ಡ ಕ್ಲೀನಿಂಗ್. ಇದನ್ನು ಸೆಪ್ಟೆಂಬರಿಗೆ ಮುಂದೂಡುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಬೇಸಿಗೆಯಲ್ಲಿ ಇಲ್ಲಿನ ಬೇಸ್‌ಮೆಂಟಿನಲ್ಲಿ ತೇವ ಜಾಸ್ತಿ. ಬೂದಿಗೆ ನೀರಿನ ಪಸೆ ಸೇರಿದರೆ ಕಬ್ಬಿಣಕ್ಕೆ ನಿಧಾನಕ್ಕೆ ತುಕ್ಕು ಹಿಡಿಯುತ್ತದೆ. ಹಾಗಾಗಿ ಕೊನೆಯ ಬೆಂಕಿ ಆರಿದ ವಾರದಲ್ಲೇ ಮುಗಿಸುತ್ತೇನೆ. ಹಾಪರ್ ಪೂರ್ತಿ ಖಾಲಿ. ತೇವ ಕುಡಿದ ಪೆಲೆಟ್ ಉಬ್ಬಿ ಮತ್ತೆ ಹೊಟ್ಟೇ ಆಗುತ್ತದೆ, ಆಗರ್ ಒಳಗೆ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಹೊಗೆ ಫ್ಯಾನಿನ ಬೋಲ್ಟ್ ಬಿಚ್ಚಿ, ರೆಕ್ಕೆಗಳನ್ನು ಮೆತ್ತನೆ ಬ್ರಷ್‌ನಿಂದ ಉಜ್ಜುತ್ತೇನೆ. ಕಳಚಿದ ಮೇಲೆ ಫ್ಯಾನಿನ ಗ್ಯಾಸ್ಕೆಟ್ ಹೊಸದೇ ಹಾಕಬೇಕು. ಹತ್ತು ಡಾಲರ್ ಉಳಿಸಲು ಹೋಗಿ ಹಳೆಯದನ್ನೇ ಹಾಕಿದರೆ ಹೊಗೆ ಮನೆಯೊಳಗೆ ಸೋರುತ್ತದೆ. ಡಕ್ಟಿನ ಗಾಳಿ ಫಿಲ್ಟರನ್ನೂ ಬದಲಾಯಿಸುತ್ತೇನೆ. ಅದಕ್ಕೆ ಏಪ್ರಿಲ್ ಕಾಯುವುದಿಲ್ಲ, ಚಳಿಗಾಲದ ನಡುವೆಯೂ ಕೊಳೆಯಾದರೆ ಬದಲಿಸುವುದೇ.

ಆಮೇಲೆ ನನಗೆ ಇಷ್ಟವಾದ ಭಾಗ, ಲೀಫ್ ಬ್ಲೋವರ್. ಅಂಗಳದ ಎಲೆ ಗುಡಿಸುವ ಯಂತ್ರ. ಅದರ ಎಳೆಯುವ ಬಾಯಿಗೆ ರಬ್ಬರ್ ಪೈಪ್ ಜೋಡಿಸಿ, ಮನೆಯ ಹೊರಗೆ ಹೊಗೆ ಬರುವ ಬಾಯಿಗೆ ಸಿಕ್ಕಿಸಿ ಸ್ವಿಚ್ ಹಾಕುತ್ತೇನೆ. ಮೊದಲೇ ವ್ಯಾಕ್ಯೂಮ್ ಸ್ವಿಚ್ಚಿನ ಕೊಳವೆ ಕಳಚಿರಬೇಕು, ಫರ್ನೆಸ್ ಹಿಂದಿನ ದಿನದಿಂದಲೇ ತಣ್ಣಗಿರಬೇಕು. ಕೆಂಡ ಇದ್ದರೆ ಬ್ಲೋವರ್ ಸುಟ್ಟೇ ಹೋಗುತ್ತದೆ. ಒಳಗೆ ಮಗ ಬಾಗಿಲು ತೆರೆದು ಬೆಂಕಿ ಗೂಡಿನ ಗೋಡೆಗಳನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾನೆ. ಹೊರಗೆ ಬೂದು ಮೋಡ ಏಳುತ್ತದೆ. ನಾನು ಬ್ರಷ್ ಹಾಕಿ ಎಲ್ಲ ಮುಗಿಯಿತು ಅಂದುಕೊಂಡ ಮೇಲೂ ಅಷ್ಟು ಬೂದಿ ಎಲ್ಲಿತ್ತೋ! ಮಾಸ್ಕ್ ಹಾಕಿಕೊಳ್ಳಿ, ಗಾಳಿಯ ದಿಕ್ಕು ನೋಡಿಕೊಳ್ಳಿ. ಪಕ್ಕದ ಮನೆಯವರ ಬಿಳಿ ಕಾರು ಅಲ್ಲಿ ನಿಂತಿರಬಾರದು. ಒಮ್ಮೆ ನಿಂತಿತ್ತು, ಅರ್ಧ ದಿನ ತೊಳೆದುಕೊಟ್ಟೆ.

ಹೊರಗಿನ ಬಾಯಿಗೆ ಹಕ್ಕಿ ಗೂಡು ಕಟ್ಟದಂತೆ ಚೀಲ ಕಟ್ಟುತ್ತೇನೆ. ಆ ಚೀಲ ಮರೆತು ಅಕ್ಟೋಬರಿನಲ್ಲಿ ಹಚ್ಚಿದರೆ ಹೊಗೆಯೆಲ್ಲ ಒಳಗೇ. ಅದಕ್ಕೇ ಕಿತ್ತ ಪ್ಲಗ್ಗಿಗೆ ಒಂದು ಚೀಟಿ ಕಟ್ಟಿರುತ್ತೇನೆ: "ಹೊರಗೆ ಚೀಲ ಇದೆ."

ಪೆಲೆಟ್ ಬಗ್ಗೆ ಒಂದು ಮಾತು. ಒಂದು ವರ್ಷ ಅಗ್ಗದ್ದು ತಂದೆ. ಟನ್ನಿಗೆ 30 ಡಾಲರ್ ಉಳಿಯಿತು. ಬರ್ನ್ ಪಾಟ್‌ನಲ್ಲಿ ದಿನಾ ಕಲ್ಲಿನಂಥ ಗಟ್ಟಿ. ಇಲ್ಲಿ ಕ್ಲಿಂಕರ್ ಅನ್ನುತ್ತಾರೆ, ಕಮ್ಮಾರನ ಕುಲುಮೆಯ ಕಿಟ್ಟದ ಹಾಗೆ. ಹೊಟ್ಟಿನಲ್ಲಿ ಮರಳು, ಮಣ್ಣು, ತೊಗಟೆ ಜಾಸ್ತಿ ಸೇರಿದ್ದರೆ ಬೂದಿ ಕರಗಿ ಗಟ್ಟಿಯಾಗುತ್ತದೆ. ಆ 30 ಡಾಲರ್ ಕೆರೆಯುವ ಕೂಲಿಗೆ ಸರಿಹೋಯಿತು. ಚೀಲದ ತಳದಲ್ಲಿ ಪುಡಿ ಎಷ್ಟಿದೆ ನೋಡಿದರೆ ಅರ್ಧ ಗೊತ್ತಾಗುತ್ತದೆ. ಈಗ ಮೊದಲು ಹತ್ತು ಚೀಲ ತಂದು ಸುಟ್ಟು ನೋಡಿ ಆಮೇಲೆ ಟನ್ ಲೆಕ್ಕದಲ್ಲಿ ತರಿಸುತ್ತೇನೆ.

ಕರೆಂಟ್ ಹೋದರೆ ಹೊಗೆ ಎಳೆಯುವ ಫ್ಯಾನ್ ನಿಲ್ಲುತ್ತದೆ. ಉಳಿದ ಬೆಂಕಿಯ ಹೊಗೆ ಮನೆಯೊಳಗೆ ಬರಬಹುದು. ಹಿಮ ಬಿದ್ದು ಮರ ಮುರಿದು ಇಲ್ಲಿ ಕರೆಂಟ್ ಹೋಗುವುದು ಮಾಮೂಲು. ಬೆಂಗಳೂರಿನಲ್ಲಿ ಲೋಡ್ ಶೆಡ್ಡಿಂಗ್‌ಗೆ ಯುಪಿಎಸ್ ಇಟ್ಟುಕೊಂಡು ಬದುಕಿದ ನನಗೆ ಇದರ ಮದ್ದು ಯಾರೂ ಹೇಳಿಕೊಡಬೇಕಾಗಲಿಲ್ಲ. ಲೈನಿನ ಕರೆಂಟಿನಂಥದ್ದನ್ನೇ ಕೊಡುವ, ಪ್ಯೂರ್ ಸೈನ್ ವೇವ್ ಅನ್ನುವ ಬಗೆಯ ಯುಪಿಎಸ್ ಒಂದು ಪಕ್ಕದಲ್ಲಿದೆ. ಬೆಂಕಿ ಆರುವ ತನಕ ಫ್ಯಾನ್ ಓಡಿಸಿದರೆ ಅದರ ಕೆಲಸ ಮುಗಿಯಿತು.

ಬೂದಿಯನ್ನು ನಾನು ಎಸೆಯುವುದಿಲ್ಲ. ಇಲ್ಲಿನ ಮಣ್ಣು ಹುಳಿ, ಬೂದಿ ಸುಣ್ಣದ ಹಾಗೆ ಕೆಲಸ ಮಾಡುತ್ತದೆ. ಹುಲ್ಲಿಗೆ ತೆಳ್ಳಗೆ ಎರಚುತ್ತೇನೆ. ಅಪ್ಪ ಎರಡನೆಯ ಸಲ ಬಂದಾಗ ಒಂದು ಬಕೆಟ್ ಬೂದಿಯನ್ನು, ಊರಲ್ಲಿ ತರಕಾರಿ ಗಿಡಗಳಿಗೆ ಹಾಕುವ ಹಾಗೆ, ಬ್ಲೂಬೆರಿ ಗಿಡಗಳ ಬುಡಕ್ಕೆಲ್ಲ ಹಾಕಿಬಿಟ್ಟರು. ಬ್ಲೂಬೆರಿಗೆ ಹುಳಿ ಮಣ್ಣೇ ಬೇಕು. ಅವರು ಮಧ್ಯಾಹ್ನ ಮಲಗಿದ್ದಾಗ ಹೋಗಿ, ಸದ್ದಾಗದ ಹಾಗೆ ಎಲ್ಲ ಕೆರೆದು ತೆಗೆದೆ.