ಗೋಡೆ ಮೊದಲು, ಕಿಲೋಮೀಟರ್ ಆಮೇಲೆ: ತುಮಕೂರಿನಲ್ಲಿ ರಜೆ ದಿನದ ಚಿತ್ರ ಓಟ

ಊರಿನ ಗೋಡೆ ಚಿತ್ರಗಳನ್ನು ನೋಡುತ್ತ ಓಡುವುದಕ್ಕೆ ಅಮಾನಿಕೆರೆ ಸುತ್ತು ಹಾಕುವಾಗಿನ ಲೆಕ್ಕ ನಡೆಯುವುದಿಲ್ಲ. ಆರು ಕಿಲೋಮೀಟರ್ ಅಂತ ಮೊದಲೇ ರೂಟ್ ಹಾಕಿ, ಸಿಕ್ಕಿದ್ದು ನೋಡೋಣ ಅಂತ ಹೊರಟರೆ ಮೊದಲ ಎರಡು ಕಿಲೋಮೀಟರ್ ಏನೂ ಸಿಗುವುದಿಲ್ಲ. ಆಮೇಲೆ ಒಂದೇ ಬೀದಿಯಲ್ಲಿ ಐದು ಗೋಡೆ ಒಟ್ಟಿಗೆ ಬಂದು ಗುಂಪು ಚೆದುರಿಹೋಗುತ್ತದೆ. ನಾವು ಒಂಬತ್ತು ಗೋಡೆಗಳನ್ನು ಮೊದಲು ಆರಿಸಿಕೊಳ್ಳುತ್ತೇವೆ, ಆಮೇಲೆ ಅವುಗಳ ನಡುವೆ ದಾರಿ ಕೂಡಿಸುತ್ತೇವೆ. ಅಮಾನಿಕೆರೆಯಿಂದ ಹೊರಟು ಟೌನ್‌ಹಾಲ್, ಅಶೋಕ ರಸ್ತೆ, ಎಂ.ಜಿ. ರಸ್ತೆ, ಬಿ.ಎಚ್. ರಸ್ತೆ, ಎಸ್.ಎಸ್. ಪುರಂ ಕಡೆಯ ಒಳರಸ್ತೆಗಳನ್ನು ಹಾಯ್ದು ವಾಪಸ್ ಬರುವಷ್ಟರಲ್ಲಿ ಆರೂವರೆ ಕಿಲೋಮೀಟರ್ ಆಗುತ್ತದೆ. ಎರಡು ನಿಲುಗಡೆಗಳ ನಡುವೆ 400 ಮೀಟರಿಗಿಂತ ಕಡಿಮೆ ಇದ್ದರೆ ಮೈ ಬಿಸಿಯಾಗುವುದಿಲ್ಲ, 1,200 ಮೀಟರ್ ದಾಟಿದರೆ ಹೊಸಬರು ಹಿಂದೆ ಬೀಳುತ್ತಾರೆ.

ಯಾವ ರಜೆ ಅನ್ನುವುದೂ ಮುಖ್ಯ. ಸರ್ಕಾರಿ ಶಾಲೆಗಳ ಒಳ್ಳೆಯ ಚಿತ್ರಗಳು ಕಾಂಪೌಂಡಿನ ಒಳಗಿನ ಗೋಡೆಯ ಮೇಲಿರುತ್ತವೆ: ರೈಲು ಬೋಗಿಯ ಹಾಗೆ ಬಣ್ಣ ಹೊಡೆದ ಕೊಠಡಿಗಳ ಸಾಲು, ನಕ್ಷೆ, ಎಂಟು ಜ್ಞಾನಪೀಠ ಪುರಸ್ಕೃತರ ಮುಖಗಳು. ಭಾನುವಾರ ಹೋದರೆ ಗೇಟಿಗೆ ಬೀಗ. ನವೆಂಬರ್ 1, ಜನವರಿ 26, ಆಗಸ್ಟ್ 15ರಂದು ಬಾವುಟ ಹಾರಿಸಲು ಶಾಲೆ ತೆರೆದಿರುತ್ತದೆ. ಹಾಗಾಗಿ ಶಾಲೆಯನ್ನು ಕೊನೆಯ ನಿಲುಗಡೆ ಮಾಡಿ, ಏಳೂವರೆ ಹೊತ್ತಿಗೆ ಅಲ್ಲಿರುವಂತೆ ಲೆಕ್ಕ ಹಾಕಿ. ಮುಖ್ಯ ಶಿಕ್ಷಕರಿಗೆ ಮೂರು ದಿನ ಮೊದಲೇ ಹೋಗಿ ಹೇಳಿರಬೇಕು. ಮಕ್ಕಳು ಸಾಲು ನಿಲ್ಲುವ ಹೊತ್ತಿಗೆ ಇಪ್ಪತ್ತೈದು ಜನ ಬೆವರು ಸುರಿಸಿಕೊಂಡು ನುಗ್ಗಿದರೆ ಯಾರಿಗೂ ಹಿತವಲ್ಲ. ನವೆಂಬರ್ 1 ನಮಗೆ ಎಲ್ಲಕ್ಕಿಂತ ಒಗ್ಗಿದ ದಿನ. ಸೂರ್ಯೋದಯ 6.15ರ ಸುಮಾರಿಗೆ. ಜನವರಿ 26ಕ್ಕೆ ಅದು 6.45 ದಾಟುವುದರಿಂದ ಮೊದಲ ಎರಡು ಗೋಡೆಗಳನ್ನು ಕತ್ತಲಲ್ಲೇ ನೋಡಬೇಕಾಗುತ್ತದೆ.

ಬೆಳಕಿನ ವಿಷಯದಲ್ಲಿ ತಪ್ಪು ಮಾಡುವವರೇ ಹೆಚ್ಚು. ಗೋಡೆ ಪೂರ್ವಕ್ಕೆ ಮುಖ ಮಾಡಿದ್ದರೆ ಮಾತ್ರ ಬೆಳಗ್ಗೆ ಬಿಸಿಲು ಬೀಳುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ್ದು ಎಷ್ಟೇ ಚೆನ್ನಾಗಿದ್ದರೂ ಏಳು ಗಂಟೆಗೆ ಮಂಕು, ಬಣ್ಣವೆಲ್ಲ ಬೂದಿ ಕಲಸಿದ ಹಾಗೆ ಕಾಣುತ್ತದೆ. ಗೋಡೆ ನೋಡಲು ಹೋದಾಗಲೇ ಫೋನಿನ ದಿಕ್ಸೂಚಿ ಹಿಡಿದು ಬರೆದುಕೊಳ್ಳಿ. ಆ ಗೋಡೆಯ ಎದುರಿಗೆ ಮೂರು ಮಹಡಿ ಕಟ್ಟಡವಿದ್ದರೆ ಪೂರ್ವ ದಿಕ್ಕಾದರೂ ಪ್ರಯೋಜನವಿಲ್ಲ, ಎಂಟೂವರೆಯವರೆಗೂ ನೆರಳೇ. ಅದಕ್ಕೇ ಜಾಗ ನೋಡುವ ಕೆಲಸವನ್ನು ಎರಡು ಸಲ ಮಾಡುತ್ತೇವೆ: ಹದಿನೈದು ದಿನ ಮೊದಲು ಸ್ಕೂಟರಿನಲ್ಲಿ, ಹಿಂದಿನ ಭಾನುವಾರ ಅದೇ ಹೊತ್ತಿಗೆ ಕಾಲ್ನಡಿಗೆಯಲ್ಲಿ. ಎರಡನೆಯದನ್ನು ಬಿಡಬಾರದು. ನಡುವಿನ ವಾರದಲ್ಲಿ ಗೋಡೆಯ ಮೇಲೆ ಪೋಸ್ಟರ್ ಅಂಟಿರಬಹುದು, ಮುಂದೆ ಲಾರಿ ನಿಂತಿರಬಹುದು, ಚರಂಡಿ ಕೆಲಸಕ್ಕೆ ಅಗೆದಿರಬಹುದು. ಎರಡು ಗೋಡೆಗಳನ್ನು ಯಾವಾಗಲೂ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ.

ಚಿತ್ರ ಇರುವ ಗೋಡೆ ಹುಡುಕಲು ನಮಗೆ ಸಿಕ್ಕ ಒಳ್ಳೆಯ ದಾರಿ ಪೌರಕಾರ್ಮಿಕರನ್ನು ಕೇಳುವುದು. ಕಸ ಸುರಿಯುವ ಜಾಗಗಳನ್ನು ಬಿಡಿಸಲು ಅಲ್ಲಿನ ಗೋಡೆಗೆ ಚಿತ್ರ ಬರೆಸುವುದು ನಮ್ಮ ಊರುಗಳಲ್ಲಿ ಇದೆ. ಯಾವ ಮೂಲೆಗೆ ಯಾವಾಗ ಬರೆಸಿದರು, ಅಲ್ಲಿ ಕಸ ನಿಂತಿತೇ ಮತ್ತೆ ಶುರುವಾಯಿತೇ ಅನ್ನುವುದು ಅವರಿಗೆ ನಾಲಿಗೆಯ ತುದಿಯಲ್ಲಿರುತ್ತದೆ. ಬೆಳಗ್ಗೆ ಆರಕ್ಕೆ ಅವರು ಗುಡಿಸುತ್ತಿರುತ್ತಾರೆ. ಓಡಿಕೊಂಡು ದೂಳು ಎಬ್ಬಿಸಿ ಹೋಗದೆ, ನಡೆದು, ನಮಸ್ಕಾರ ಹೇಳಿ ದಾಟಿ.

ಹೊತ್ತಿನ ಲೆಕ್ಕ ಹೀಗೆ. ಕಿಲೋಮೀಟರಿಗೆ ಏಳೂಮುಕ್ಕಾಲು ನಿಮಿಷದ ಪೇಸ್ ಹಿಡಿದರೆ ಓಡುವುದಕ್ಕೆ 50 ನಿಮಿಷ. ಒಂಬತ್ತು ನಿಲುಗಡೆಗೆ ಮೂರು ಮೂರು ನಿಮಿಷದಂತೆ 27. ವೃತ್ತ ದಾಟಲು, ಗುಂಪು ಕೂಡಲು ಹತ್ತು. 6.20ಕ್ಕೆ ಹೊರಟರೆ 7.50ರ ಒಳಗೆ ಮುಗಿಯುತ್ತದೆ. ಒಂದು ಕಡೆ ನಾಲ್ಕು ನಿಮಿಷಕ್ಕಿಂತ ಹೆಚ್ಚು ನಿಂತರೆ ಮೀನಖಂಡ ಬಿಗಿಯುತ್ತದೆ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಲು ಹೇಳಿ, ಮತ್ತೆ ಹೊರಟಾಗ ಮೊದಲ ನೂರು ಮೀಟರ್ ನಡೆಸಿ. ಗುಂಪು ಇಪ್ಪತ್ತೈದು ಮೀರದಿರಲಿ. ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು, ರಸ್ತೆ ದಾಟುವಾಗ ಕೈ ಅಡ್ಡ ಹಿಡಿಯಲು ಇಬ್ಬರು. ಈ ನಾಲ್ವರಿಗೂ ಎದ್ದುಕಾಣುವ ಹಳದಿ ಜಾಕೆಟ್. ಕೊನೆಯವರಾಗಿ ಓಡುವವರು ಗುಂಪಿನಲ್ಲೇ ತಾಳ್ಮೆಯುಳ್ಳವರಾಗಿರಬೇಕು, ಬ್ಯಾಂಡೇಜ್, ಒಆರ್‌ಎಸ್ ಅವರ ಚೀಲದಲ್ಲಿರುತ್ತದೆ. ಜೋರಾಗಿ ಓಡುವವರಿಗೆ ಬೇಸರವಾಗದಂತೆ ಮುಂದಿನ ತಿರುವಿನವರೆಗೆ ಓಡಿ, ತಿರುಗಿ ಬಂದು ಕೊನೆಯವರ ಹಿಂದೆ ಸೇರಿಕೊಳ್ಳಲು ಹೇಳುತ್ತೇವೆ. ಅವರಿಗೆ ಎಂಟು ಕಿಲೋಮೀಟರ್ ಆಗುತ್ತದೆ, ಗುಂಪೂ ಒಡೆಯುವುದಿಲ್ಲ. ಹತ್ತಿರದ ಠಾಣೆಗೆ ದಿನಾಂಕ, ಹೊತ್ತು, ರೂಟ್ ಬರೆದು ಒಂದು ಪತ್ರ ಕೊಟ್ಟಿರಿ. ರಾಜ್ಯೋತ್ಸವದ ಮೆರವಣಿಗೆಗೆ ಬ್ಯಾರಿಕೇಡ್ ಎಲ್ಲಿ ಬರುತ್ತದೆ ಅನ್ನುವುದೂ ಅಲ್ಲೇ ತಿಳಿಯುತ್ತದೆ.

ಅಪಾಯ ಇರುವುದು ಓಟದಲ್ಲಲ್ಲ, ಫೋಟೋದಲ್ಲಿ. ಹತ್ತು ಅಡಿ ಎತ್ತರದ ಗೋಡೆ ಪೂರ್ತಿ ಹಿಡಿಯಬೇಕೆಂದರೆ ಹದಿನೈದು ಇಪ್ಪತ್ತು ಅಡಿ ಹಿಂದೆ ಸರಿಯಬೇಕು. ಕಣ್ಣು ಫೋನಿನಲ್ಲಿಟ್ಟು ಹಿಂದಕ್ಕೆ ಹೆಜ್ಜೆ ಇಟ್ಟವರು ನೇರ ರಸ್ತೆಯ ನಡುವೆ ನಿಂತಿರುತ್ತಾರೆ, ಇಲ್ಲವೇ ಕಿತ್ತ ಚರಂಡಿ ಚಪ್ಪಡಿಯ ಸಂದಿಯಲ್ಲಿ ಕಾಲಿಟ್ಟಿರುತ್ತಾರೆ. ಆದ್ದರಿಂದ ಮೊದಲು ಎದುರಿನ ಫುಟ್‌ಪಾತ್ ಮೇಲೆ ಎಲ್ಲರೂ ನಿಂತು ಪೂರ್ತಿ ಚಿತ್ರ ನೋಡಿ, ಫೋಟೋ ತೆಗೆದು, ಫೋನ್ ಜೇಬಿಗೆ ಹಾಕಿದ ಮೇಲೆಯೇ ಒಟ್ಟಿಗೆ ದಾಟಿ ಹತ್ತಿರ ಹೋಗುತ್ತೇವೆ. ಬೀದಿನಾಯಿ ಗುಂಪು ಕಂಡರೆ ಐವತ್ತು ಮೀಟರ್ ಮೊದಲೇ ನಡಿಗೆಗೆ ಇಳಿಯಿರಿ. ಓಡುವುದನ್ನು ಕಂಡೇ ಅವು ಅಟ್ಟಿಸಿಕೊಂಡು ಬರುತ್ತವೆ.

ಹತ್ತಿರ ಹೋದ ಮೇಲೆ ಏನು ನೋಡಬೇಕು ಅನ್ನುವುದನ್ನು ಹೇಳದಿದ್ದರೆ ಮೂರು ನಿಮಿಷ ಸೆಲ್ಫಿಯಲ್ಲೇ ಕಳೆಯುತ್ತದೆ. ಒಂದೊಂದು ಗೋಡೆಗೆ ಒಂದೊಂದೇ ವಿಷಯ ಸಾಕು. ಕುವೆಂಪು, ಬೇಂದ್ರೆ ಮುಖ ಬರೆದ ಗೋಡೆಯಲ್ಲಿ ಬೆಳಗ್ಗಿನ ಓರೆ ಬಿಸಿಲು ಬೀಳುವಾಗ ಕೆನ್ನೆಯ ಹತ್ತಿರ ಕಣ್ಣಿಡಿ. ತೆಳು ಬಣ್ಣದ ಅಡಿಯಲ್ಲಿ ಸಣ್ಣ ಗೀರುಗಳು ಅಡ್ಡ ಉದ್ದ ಕಾಣುತ್ತವೆ. ಅಂಗೈಯಗಲದ ಫೋಟೋಗೆ ಚೌಕ ಹಾಕಿ, ಅಷ್ಟೇ ಚೌಕಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಎಳೆದು, ಒಂದೊಂದು ಚೌಕದಲ್ಲಿ ಇರುವಷ್ಟನ್ನೇ ಬರೆದುಕೊಂಡು ಹೋದ ಗುರುತು ಅದು. ಚೌಕ ತಪ್ಪಿದ ಕಡೆ ಒಂದು ಕಣ್ಣು ಅರ್ಧ ಇಂಚು ಕೆಳಗಿರುತ್ತದೆ. ಅದನ್ನು ಒಮ್ಮೆ ತೋರಿಸಿದರೆ ಮುಂದಿನ ಗೋಡೆಯಲ್ಲಿ ಜನ ತಾವೇ ಹುಡುಕುತ್ತಾರೆ.

ಇನ್ನೊಂದು ಗೋಡೆಯಲ್ಲಿ ಬರೀ ಬುಡ ನೋಡಿ. ಮೇಲೆಲ್ಲ ಗಟ್ಟಿಯಾಗಿದ್ದು ಕೆಳಗಿನ ಒಂದೆರಡು ಅಡಿ ಮಾತ್ರ ಹೆಕ್ಕಳೆ ಎದ್ದಿರುತ್ತದೆ. ನೆಲದ ತೇವ ಇಟ್ಟಿಗೆಯೊಳಗೆ ಮೇಲೇರಿ, ಆರುವಾಗ ತಂದ ಉಪ್ಪನ್ನು ಗಾರೆಯ ಮೈಮೇಲೆ ಬಿಳಿ ಪುಡಿಯಾಗಿ ಬಿಟ್ಟು ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಹಳೆಯ ಸುಣ್ಣದ ಪದರ ಕೆರೆಯದೆ, ಪ್ರೈಮರ್ ಹೊಡೆಯದೆ ಬರೆದ ಚಿತ್ರವಾದರೆ ಗೋಡೆಯುದ್ದಕ್ಕೂ ಹೀಗೇ ಏಳುತ್ತದೆ, ಬೆರಳಲ್ಲಿ ಮುಟ್ಟದೆಯೇ ಗೊತ್ತಾಗುತ್ತದೆ. ಪಕ್ಕದಲ್ಲೇ ಗುಡಿಯ ಕಾಂಪೌಂಡಿಗೆ ಬಳಿದ ಸುಣ್ಣ ಕೆಮ್ಮಣ್ಣಿನ ಪಟ್ಟೆ ಇದ್ದರೆ ಹೋಲಿಸಿ ತೋರಿಸಿ. ಅಗ್ಗದ ಕೆಂಪು ಬಣ್ಣ ಬಿಸಿಲಿಗೆ ಬಿಳಚಿಕೊಂಡಿರುತ್ತದೆ, ಕೆಮ್ಮಣ್ಣು ಕಬ್ಬಿಣದ ತುಕ್ಕಿನ ಜಾತಿಯದಾದ್ದರಿಂದ ಬಿಸಿಲಿಗೆ ಜಗ್ಗುವುದಿಲ್ಲ.

ಈ ಊರಿನ ಗೋಡೆಗಳಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಚಿತ್ರ ಸಿಕ್ಕೇ ಸಿಗುತ್ತದೆ. ಅಲ್ಲಿ ಮೂರು ನಿಮಿಷ ಸಾಲದು. ಹಿರಿಯರು ಶೂ ಬಿಚ್ಚಿ ಕೈಮುಗಿಯುತ್ತಾರೆ, ಮತ್ತೆ ಲೇಸ್ ಕಟ್ಟಿಕೊಳ್ಳಬೇಕು. ಐದು ನಿಮಿಷ ಇಟ್ಟುಕೊಂಡು, ಹಿಂದಿನ ನಿಲುಗಡೆಯಲ್ಲಿ ಎರಡು ನಿಮಿಷ ಕಡಿಮೆ ಮಾಡಿ.

ಬರೆದವರ ಹೆಸರು ಸಾಮಾನ್ಯವಾಗಿ ಬಲಗಡೆಯ ಕೆಳಮೂಲೆಯಲ್ಲಿರುತ್ತದೆ. ಫೋಟೋ ಹಾಕುವಾಗ ಅದನ್ನು ಕತ್ತರಿಸಬೇಡಿ. ಗುಂಪಿನ ಪರವಾಗಿ ಗೋಡೆಯ ಮೇಲೆ ಏನಾದರೂ ಬರೆಯುವ, ಸ್ಟಿಕ್ಕರ್ ಅಂಟಿಸುವ ಆಸೆ ಯಾರಿಗಾದರೂ ಬಂದರೆ ಅಲ್ಲೇ ತಡೆಯಿರಿ. 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ ಅನ್ನುವುದು ಒಂದು ಮಾತು, ಇನ್ನೊಬ್ಬರ ಕೆಲಸದ ಮೇಲೆ ಕೈಯಾಡಿಸಬಾರದು ಅನ್ನುವುದು ಅದಕ್ಕಿಂತ ದೊಡ್ಡ ಮಾತು.

ಮುಗಿದ ಮೇಲೆ ಇಪ್ಪತ್ತು ಲೀಟರಿನ ಒಂದು ಕ್ಯಾನ್ ನೀರು, ಸ್ಟೀಲ್ ಲೋಟಗಳು ಕಾದಿರಲಿ. ತಟ್ಟೆ ಇಡ್ಲಿಗೆ ಕ್ಯಾತ್ಸಂದ್ರ. ಇನ್ನೂ ಹೊತ್ತಿದೆ, ಗಾಡಿಯೂ ಇದೆ ಅನ್ನುವವರು ಶಿರಾ ದಾರಿಯಲ್ಲಿ ಸೀಬಿಗೆ ಹೋಗಿಬನ್ನಿ. ಅಲ್ಲಿನ ನರಸಿಂಹಸ್ವಾಮಿ ದೇವಸ್ಥಾನದ ಮುಖಮಂಟಪದಲ್ಲಿ ಹೈದರ್, ಟಿಪ್ಪು ಕಾಲದ ದರ್ಬಾರು, ಪುರಾಣದ ಕಥೆಗಳು ಗೋಡೆಯಲ್ಲೂ ಮಾಡಿನಲ್ಲೂ ತುಂಬಿವೆ. ಫ್ಲಾಶ್ ಆರಿಸಿಕೊಳ್ಳಿ, ಕಂಬಕ್ಕೆ ಬೆವರು ಬೆನ್ನು ಒರಗಿಸಬೇಡಿ. ಮಾಡಿನ ಚಿತ್ರ ನೋಡುವುದಕ್ಕೆ ನೆಲದ ಮೇಲೆ ಕೂತು ತಲೆಯೆತ್ತುವುದೇ ಸುಲಭ, ಓಡಿದ ಕಾಲಿಗೂ ಅದು ಹಿತ.