ಆರ್‌ವಿ ಕೊಳ್ಳುವ ಮುನ್ನ ಬಾಗಿಲಿನ ಸ್ಟಿಕರ್ ಓದಿ

ಅಮೆರಿಕದಲ್ಲಿ ಆರ್‌ವಿ, ಅಂದರೆ ಚಕ್ರದ ಮೇಲಿನ ಮನೆ, ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಒಳಗಿನ ಸೋಫಾ, ಅಡುಗೆಕಟ್ಟೆ, ಟಿವಿಯ ಮೇಲೆ. ಡೀಲರ್ ತೋರಿಸುವುದೂ ಅವನ್ನೇ. ಆದರೆ ಜನ ಎಡವುವುದು ತೂಕದ ಲೆಕ್ಕದಲ್ಲಿ.

ಹಂತ 1: ಬಗೆ ಗುರುತಿಸಿ

ಸ್ವಂತ ಎಂಜಿನ್ ಇರುವವು, ಅಂದರೆ ಮೋಟರ್‌ಹೋಮ್‌ಗಳು, ಮೂರು ಬಗೆ. ಬಸ್ಸಿನಂತೆ ಚಪ್ಪಟೆ ಮೂತಿ ಇದ್ದರೆ ಕ್ಲಾಸ್ ಎ. ವ್ಯಾನಿನೊಳಗೇ ಮನೆ ಕಟ್ಟಿದ್ದರೆ ಕ್ಲಾಸ್ ಬಿ. ಡ್ರೈವರ್ ತಲೆಯ ಮೇಲೆ ಅಟ್ಟದಂತೆ ಹಾಸಿಗೆ ಚಾಚಿಕೊಂಡಿದ್ದರೆ ಕ್ಲಾಸ್ ಸಿ. ಅಕ್ಷರದ ಕ್ರಮ ನೋಡಿ ಮೋಸಹೋಗಬೇಡಿ: ಚಿಕ್ಕದು ಬಿ, ನಡುವಿನದು ಸಿ.

ಎಳೆದುಕೊಂಡು ಹೋಗುವವುಗಳಲ್ಲಿ ಮುಖ್ಯವಾದವು ಎರಡು. ವಾಹನದ ಹಿಂದಿನ ಗುಂಡು ಹಿಚ್‌ಗೆ (ಎಳೆಯುವ ಕೊಂಡಿಗೆ) ಸಿಕ್ಕಿಸುವುದು ಟ್ರಾವೆಲ್ ಟ್ರೇಲರ್. ಪಿಕಪ್ ಟ್ರಕ್ಕಿನ ತೊಟ್ಟಿಯೊಳಗಿನ ಹಿಚ್ ಮೇಲೆ ಕೂರುವುದು ಫಿಫ್ತ್ ವೀಲ್. ಎಸ್‌ಯುವಿ ಇರುವವರು ಫಿಫ್ತ್ ವೀಲ್ ಆಸೆ ಬಿಡಬೇಕು.

ಮಕ್ಕಳಿರುವ ಮನೆಯವರು ಮೊದಲ ಸಲ ಕೊಳ್ಳುವುದಾದರೆ 24–25 ಅಡಿಯ ಕ್ಲಾಸ್ ಸಿ ಸಾಕು. ‘ಆರು ಜನ ಮಲಗಬಹುದು’ ಎಂದರೆ ಆರು ಸೀಟ್ ಬೆಲ್ಟ್ ಇದೆ ಎಂದಲ್ಲ. ಎಣಿಸಿ ನೋಡಿ.

ಹಂತ 2: ಹೋಗುವ ಜಾಗಕ್ಕೆ ಉದ್ದ ಹೊಂದಿಸಿ

ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಗೋಯಿಂಗ್ ಟು ದ ಸನ್ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿ ಮೀರಿದ ವಾಹನ ಬಿಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 40 ಅಡಿ ದಾಟಿದ ಮೋಟರ್‌ಹೋಮ್ ಓಡಿಸಲು ಮಾಮೂಲಿ ಲೈಸೆನ್ಸ್ ಸಾಲದು.

ಹಂತ 3: ತೂಕ ಕೂಡಿ

ಟ್ರೇಲರ್ ಕೊಳ್ಳುವವರು ಇಲ್ಲಿ ಅವಸರ ಮಾಡಬಾರದು. ‘ನಿಮ್ಮ ಗಾಡಿ 9,000 ಪೌಂಡ್ ಎಳೆಯುತ್ತೆ, ಟ್ರೇಲರ್ ಬರೀ 5,400’ ಎಂದು ಡೀಲರ್ ಹೇಳಿದರೆ ಅಲ್ಲಿಗೆ ಮುಗಿಯಲಿಲ್ಲ. 5,400 ಎಂಬುದು ನೀರು, ಸಾಮಾನು ಇಲ್ಲದ ಖಾಲಿ ತೂಕ. ನೀರೇ ಗ್ಯಾಲನ್‌ಗೆ 8.3 ಪೌಂಡ್ ತೂಗುತ್ತದೆ. ಟ್ರೇಲರ್ ಮೇಲಿನ ಫಲಕದಲ್ಲಿ ಜಿವಿಡಬ್ಲ್ಯೂಆರ್ ಎಂದಿರುವ ಗರಿಷ್ಠ ತೂಕವನ್ನೇ ಹಿಡಿಯಿರಿ. ಅದು 7,000 ಎಂದುಕೊಳ್ಳಿ.

ಈಗ ನಿಮ್ಮ ಗಾಡಿಯ ಡ್ರೈವರ್ ಬಾಗಿಲು ತೆರೆಯಿರಿ. ಚೌಕಟ್ಟಿನ ಮೇಲಿರುವ ಹಳದಿ-ಬಿಳಿ ಸ್ಟಿಕರ್‌ನಲ್ಲಿ ಜನ ಮತ್ತು ಸಾಮಾನಿನ ಒಟ್ಟು ಮಿತಿ ಇರುತ್ತದೆ. ಅದು 1,500 ಪೌಂಡ್ ಇದ್ದರೆ ಹೀಗೆ ಕಳೆಯುತ್ತ ಬನ್ನಿ. ಟ್ರಾವೆಲ್ ಟ್ರೇಲರ್ ತನ್ನ ತೂಕದ ಶೇ 10ರಿಂದ 15ರಷ್ಟನ್ನು ಹಿಚ್ ಮೇಲೆ ಹೇರುತ್ತದೆ. ಶೇ 13 ಹಿಡಿದರೆ 910. ತೂಕ ಹಂಚುವ ಹಿಚ್‌ನದೇ ಸುಮಾರು 90. ನಾಲ್ಕು ಜನ 560. ಒಟ್ಟು 1,560! ಸೈಕಲ್, ಅಕ್ಕಿ ಚೀಲ, ಕುಕ್ಕರ್ ಇನ್ನೂ ಹತ್ತಿಲ್ಲ, ಆಗಲೇ ಮಿತಿ ಮೀರಿತು. ಎಳೆಯುವ ಶಕ್ತಿ ಮಾತ್ರ ಇನ್ನೂ 2,000 ಪೌಂಡ್ ಬಾಕಿ ಇದೆ.

ಹಿಚ್ ಮೇಲಿನ ಭಾರ ಕಡಿಮೆ ಮಾಡಲು ಸಾಮಾನನ್ನೆಲ್ಲ ಟ್ರೇಲರ್‌ನ ಹಿಂಬದಿಗೆ ತುಂಬುವವರಿದ್ದಾರೆ. ಹಾಗೆ ಮಾಡಿದರೆ ಹೈವೇಯಲ್ಲಿ ಟ್ರೇಲರ್ ಹಾವಿನಂತೆ ಓಲಾಡುತ್ತದೆ. ಹಿಚ್ ಮೇಲಿನ ಭಾರ ಹೆಚ್ಚಾದರೆ ಗಾಡಿಯ ಹಿಂಬದಿ ಕುಸಿದು ಮುಂದಿನ ಚಕ್ರಗಳು ಹಗುರಾಗುತ್ತವೆ, ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಗಾಡಿಯ ಹಿಂದಿನ ಸ್ಪ್ರಿಂಗ್‌ಗೆ ಆಸರೆಯಾಗಿ ಏರ್‌ಬ್ಯಾಗ್ (ಗಾಳಿಚೀಲ) ಹಾಕಿಸಿದರೆ ಸರಿಹೋಗುತ್ತದೆ ಎಂಬ ಸಲಹೆ ಕೇಳಲೇಬೇಡಿ. ಕುಸಿದ ಹಿಂಬದಿಯನ್ನು ಅದು ಎತ್ತುತ್ತದೆ, ಸ್ಟಿಕರ್‌ನ ಮಿತಿಯನ್ನಲ್ಲ.

ಹಂತ 4: ಹಳೆಯದಾದರೆ ನೀರಿನ ಗುರುತು ಹುಡುಕಿ

ಮೇಲಿನ ಕಪಾಟುಗಳನ್ನು ತೆರೆದು, ಚಾವಣಿ ಗೋಡೆಗೆ ಸೇರುವ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ. ನೆನೆದ ರಟ್ಟಿನಂತೆ ಒಳಗೆ ಹೋದರೆ ಅಲ್ಲಿಂದಲೇ ವಾಪಸ್ ಬನ್ನಿ, ಎಷ್ಟೇ ಅಗ್ಗವಾಗಿರಲಿ. ಹೊರಗಿನ ಫೈಬರ್‌ಗ್ಲಾಸ್ ಗೋಡೆ ಗುಳ್ಳೆಯಂತೆ ಉಬ್ಬಿದ್ದರೂ ಅಷ್ಟೇ. ರಬ್ಬರ್ ಚಾವಣಿಗೆ ಅಂಗಡಿಯ ಮಾಮೂಲಿ ಸಿಲಿಕೋನ್ ಬಳಿದಿದ್ದರೆ ಅನುಮಾನಿಸಿ. ಅದು ಕಿತ್ತು ಬರುತ್ತದೆ, ಅದರ ಮೇಲೆ ಸರಿಯಾದ ಸೀಲಂಟ್ ಕೂಡ ಅಂಟುವುದಿಲ್ಲ.

ಟೈರಿನ ಪಕ್ಕದಲ್ಲಿ ‘ಡಾಟ್’ (DOT) ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2317 ಎಂದರೆ 2017ರ 23ನೇ ವಾರ. ಗೀರು ಹೊಸದರಂತೆ ಆಳವಾಗಿದ್ದರೂ ಅಷ್ಟು ಹಳೆಯ ಟೈರಿನ ಮೇಲೆ ಮನೆಯವರನ್ನು ಕೂರಿಸಿಕೊಂಡು ಹೋಗಬೇಡಿ. ಹೊಸ ಟೈರಿನ ಖರ್ಚನ್ನು ಬೆಲೆಯಲ್ಲೇ ಇಳಿಸಿಕೊಳ್ಳಿ.